ಇನ್ನೊಂದು 50 ಅಡಿ ಹಾಕ್ಲಾ ಸಾರ್?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪೇಪರಲ್ಲಿ ನಮ್ಮೂರಿನ ಅರ್ಧಕ್ಕೆ ನಿಂತಿರೋ ಸಮುದಾಯ ಭವನದ ಫೋಟೋ ಹಾಕಿದ್ರಿ, ಪಿಲ್ಲರ್ ಮೇಲೆ ಕಂಬಿ ತುಕ್ಕು ಹಿಡಿದು ನಿಂತಿರೋದು, ಒಳಗಡೆ ಲಂಟಾನ ಬೆಳೆದಿರೋದು, ಚೆನ್ನಾಗೇ ಬಂದಿತ್ತು. ಅದರ ಕೆಳಗೆ ಕಮಿಟಿಯವರೊಬ್ಬರ ಮಾತಿತ್ತು, ಇಷ್ಟೆಲ್ಲಾ ಖರ್ಚು ಮಾಡಿ ಈಗ ಬಿಡಕ್ಕಾಗುತ್ತಾ, ಇನ್ನೊಂದು 15 ಲಕ್ಷ ಸಿಕ್ಕಿದ್ರೆ ಮುಗಿದೇ ಹೋಯ್ತು ಅಂತ. ಬೆಳಿಗ್ಗೆ ಕಾಫಿ ಕುಡೀತಾ ಅದನ್ನ ಓದಿ ಒಬ್ಬನೇ ನಕ್ಕೆ, ಮನೆಯವರು ಯಾಕ್ರೀ ಅಂದ್ರು, ಪೇಪರ್ ಕೈಗೆ ಕೊಟ್ಟೆ, ಓದಿ "ನಿಮ್ಮ ಬೋರ್‌ವೆಲ್ ಕಥೆ ಇವ್ರಿಗೆ ಯಾರು ಹೇಳಿದ್ದು" ಅಂದ್ರು. ಹಾಗಾಗಿ ಈ ಕಾಗದ. ಉದ್ದ ಆದ್ರೆ ಕತ್ತರಿಸ್ಕೊಳ್ಳಿ, ಬೋರ್ ವಿಷಯ ಮಾತ್ರ ಕತ್ತರಿಸ್ಬೇಡಿ, ಅದಕ್ಕೆ ತುಂಬಾ ದುಡ್ಡು ಕೊಟ್ಟಿದೀನಿ.

ನಾನು ಬ್ಯಾಂಕಲ್ಲಿ 31 ವರ್ಷ ಕೆಲಸ ಮಾಡಿ ರಿಟೈರ್ ಆದವನು, ಕೊಡಗಿನ ಸುಂಟಿಕೊಪ್ಪದ ಹತ್ರ ಅಪ್ಪನ ಕಾಲದ 5 ಎಕರೆ ರೋಬಸ್ಟಾ ಕಾಫಿ ತೋಟ ಇದೆ. ರೋಬಸ್ಟಾ ಇಟ್ಟವರಿಗೆ ಫೆಬ್ರವರಿ ಮಾರ್ಚ್ ಅಂದ್ರೆ ಪರೀಕ್ಷೆ ಟೈಮ್ ಇದ್ದಂಗೆ, ಹೂ ಅರಳಿಸೋ ಹೂ ಮಳೆ ಒಂದಿಂಚು ಸರಿಯಾಗಿ ಬೀಳ್ಬೇಕು, ಅದಾಗಿ ಎರಡು ಮೂರು ವಾರದಲ್ಲಿ ಕಾಯಿ ಕಚ್ಚಕ್ಕೆ ಬ್ಯಾಕಿಂಗ್ ಮಳೆ ಬೀಳ್ಬೇಕು, ಇಲ್ಲಾಂದ್ರೆ ಸ್ಪ್ರಿಂಕ್ಲರ್ ಹಾಕಿ ನಾವೇ ಮಳೆ ಬರಿಸ್ಬೇಕು, ನೀರಿಲ್ಲದವನು ಆಕಾಶ ನೋಡ್ಕೊಂಡು ಕೂರ್ಬೇಕು. ನಮಗೆ ಕೆಳಗಡೆ ಗದ್ದೆ ಪಕ್ಕ ಒಂದು ಹಳೇ ಕೆರೆ ಇತ್ತು, ಹೂಳು ತುಂಬಿ ಜನವರಿಗೇ ಕೆಸರಾಗ್ತಿತ್ತು. ನಾನು ಕೆರೆ ಕಡೆ ನೋಡ್ದೆ 2016ರಲ್ಲಿ ಬೋರ್ ಹಾಕಿಸ್ದೆ, 410 ಅಡಿಗೆ ಒಂದೂವರೆ ಇಂಚು ನೀರು ಸಿಕ್ತು, ಪೂಜೆ ಮಾಡಿ ಊರಿಗೆಲ್ಲಾ ಪಾಯಸ ಹಂಚಿದ್ವಿ. ಎರಡು ಬೇಸಿಗೆ ಬಂತು, ಮೂರನೇ ಬೇಸಿಗೇಲಿ ಮೋಟ್ರು ಬರೀ ಗಾಳಿ ಎಳೀತಿತ್ತು.

ಇಲ್ಲಿಗೆ ನಿಲ್ಲಿಸ್ಬೋದಿತ್ತು. ಆದ್ರೆ ಮೋಟ್ರು ಇದೆ, ಪೈಪ್ ಇದೆ, ಕೇಬಲ್ ಇದೆ, ಕರೆಂಟ್ ಕನೆಕ್ಷನ್‌ಗೆ ಓಡಾಡಿ ಚಪ್ಪಲಿ ಸವೆದಿದೆ, ಇಷ್ಟೆಲ್ಲಾ ಇಟ್ಕೊಂಡು ಬಾವಿ ಒಂದು ಇಲ್ಲ ಅಂದ್ರೆ ಹೇಗೆ ಅಂತ 2019ರಲ್ಲಿ ಎರಡನೇದು ಹಾಕಿಸ್ದೆ, 560 ಅಡಿ, ಧೂಳು. ಮೂರನೇದಕ್ಕೆ ನೀರಿನ ಪಾಯಿಂಟ್ ಮಾಡೋರನ್ನ ಕರೆಸ್ದೆ, ಅವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ತೋಟವೆಲ್ಲಾ ಓಡಾಡಿದ್ರು, ಮೇಲಿನ ಬಾಣೆ, ಅಂದ್ರೆ ಗದ್ದೆಗಿಂತ ಎತ್ತರದ ಜಾಗದ ಹತ್ರ ಕಾಯಿ ನೆಟ್ಟಗೆ ಎದ್ದು ನಿಂತ್ಕೊಳ್ತು, ಇಲ್ಲಿ ಎರಡು ಸೆಲೆ ಕೂಡುತ್ತೆ ಅಂದ್ರು. 2023ರಲ್ಲಿ ಮಳೆ ಕೈ ಕೊಟ್ಟ ವರ್ಷ ಅಲ್ಲೂ ತೆಗೆಸ್ದೆ, 720 ಅಡಿ, ಒಂದು ಕೊಡ ನೀರೂ ಇಲ್ಲ. ಮನೆಯವರು ಎರಡನೇ ಬೋರ್ ಟೈಮಿಂದಾನೂ ಹೇಳ್ತಾನೇ ಇದ್ರು, ಆ ಕೆರೆ ಹೂಳು ತೆಗೆಸ್ರೀ ಅಂತ. ನಾನು ಕೇಳ್ಲಿಲ್ಲ. ಕೇಳಿದ್ರೆ ಮೊದಲ ಮೂರು ನನ್ನ ದಡ್ಡತನ ಅಂತ ನಾನೇ ಸೈನ್ ಹಾಕಿ ಕೊಟ್ಟಂಗೆ ಆಗ್ತಿತ್ತಲ್ಲ.

ನಾಲ್ಕನೇದು 2024 ಮಾರ್ಚ್. ಇದನ್ನ ಸ್ವಲ್ಪ ವಿವರವಾಗೇ ಹೇಳ್ತೀನಿ. ತಮಿಳುನಾಡಿನ ತಿರುಚೆಂಗೋಡಿನ ಬೋರ್ ಲಾರಿ, ಸಂಜೆ ಆರಕ್ಕೆ ಶುರು ಮಾಡಿದ್ರು. ಮಣ್ಣು ಮೆದು ಅಂತ, ಅದು ಕುಸೀದಂಗೆ ತಡೆಯೋ ಕೇಸಿಂಗ್ ಪೈಪೇ 120 ಅಡಿ ಇಳೀತು, ಬೋರ್ ಹಾಕ್ಸಿದವರಿಗೆ ಗೊತ್ತು ಕೊರೆಯೋದಕ್ಕಿಂತ ಕೇಸಿಂಗೇ ದುಬಾರಿ. 300 ಅಡಿ ದಾಟಿದ್ಮೇಲೆ ಪ್ರತಿ 100 ಅಡಿಗೂ ರೇಟ್ ಏರುತ್ತೆ, ಅಂದ್ರೆ ನೀರು ಸಿಗೋ ಆಸೆ ಎಷ್ಟು ಕಮ್ಮಿ ಆಗುತ್ತೋ ಅಡಿಗೆ ಅಷ್ಟು ಜಾಸ್ತಿ ದುಡ್ಡು, ಹಗಲು ಹೊತ್ತಲ್ಲಿ ಯಾರು ಹೇಳಿದ್ರೂ ಇದು ಹುಚ್ಚು ಅನ್ಸುತ್ತೆ. ರಾತ್ರಿ ಹನ್ನೊಂದೂವರೆಗೆ 600. ಆ ಸದ್ದು, ಲೈಟು, ಬೂದಿ ಥರ ಬಿಳೀ ಧೂಳು, ಕಾಫಿ ಗಿಡದ ಎಲೆ ಮೇಲೆಲ್ಲಾ ಕೂತು ಗಿಡಗಳೆಲ್ಲಾ ಮುದುಕರ ಥರ ಕಾಣ್ತಿದ್ವು. ಅಕ್ಕಪಕ್ಕದ ತೋಟದವರು ಆರೇಳು ಜನ ನಿಂತಿದ್ರು. ಆಪರೇಟರ್ ಹುಡುಗ ಬಂದು ಅವನ ಕನ್ನಡದಲ್ಲಿ ಕೇಳ್ದ, ಇನ್ನೊಂದು 50 ಅಡಿ ಹಾಕ್ಲಾ ಸಾರ್? ಹಾಕು ಅಂದೆ. 650ಕ್ಕೆ ಮತ್ತೆ ಕೇಳ್ದ, ಹಾಕು. 700ಕ್ಕೆ ಕಲ್ಲಿನ ಬಣ್ಣ ಬದಲಾಯ್ತು, ಪಕ್ಕದ ತೋಟದವರು "ಅಣ್ಣ, ಬಣ್ಣ ಬದಲಾಯ್ತು ನೋಡಿ, ಈಗ ಬಿಟ್ರೆ ಇಲ್ಲೇ ಇದ್ದ ನೀರು ಬಿಟ್ಟಂಗೆ" ಅಂದ್ರು. ಆ ಒಂದು ಮಾತಿಗೆ ನಾನು ಇನ್ನೂ 130 ಅಡಿ ದುಡ್ಡು ಕೊಟ್ಟೆ. 830ಕ್ಕೆ ಹುಡುಗಾನೇ ಕೈ ಮುಗಿದು, ರಾಡ್ ಮುಗೀತು ಸಾರ್ ಅಂದ. ಅಂದ್ರೆ ನಿಲ್ಲಿಸಿದ್ದು ನಾನಲ್ಲ, ರಾಡ್!

ನಾಲ್ಕೂ ಸೇರಿ, ಮೋಟ್ರು ಪೈಪು ಎಲ್ಲಾ ಹಿಡಿದು 6 ಲಕ್ಷದ ಹತ್ರ ಹೋಯ್ತು. ಆ ವರ್ಷಾನೇ ಏಪ್ರಿಲಲ್ಲಿ ಜೆಸಿಬಿ ತರಿಸಿ ಕೆರೆ ಹೂಳು ತೆಗೆಸಿದ್ದಕ್ಕೆ ಆಗಿದ್ದು 85 ಸಾವಿರ. ಜುಲೈ ಮಳೇಲಿ ತುಂಬ್ತು, ಮುಂದಿನ ಮಾರ್ಚಿಗೆ ಎರಡು ರೌಂಡ್ ಸ್ಪ್ರಿಂಕ್ಲರ್ ಹೊಡೆದ್ವಿ. ಮನೆಯವರು ಏನೂ ಹೇಳ್ಲಿಲ್ಲ, ಹೇಳಿದ್ರೇ ವಾಸಿ ಇತ್ತು.

ಈಗ ನಾಚಿಕೆ ಪಡ್ಬೇಕಾದ ಇನ್ನೊಂದು ವಿಷ್ಯ ಏನಂದ್ರೆ, ಈ ಕಾಯಿಲೆ ನಂಗೆ ಹೊಸದಲ್ಲ, ನಾನು ಸರ್ವಿಸ್‌ನಲ್ಲಿ ದಿನಾ ನೋಡ್ತಿದ್ದಿದ್ದೇ ಇದು. ಸಾಲ ಕಟ್ಟಕ್ಕಾಗದ ಗಿರಾಕಿ ಬಂದ್ರೆ ಹಳೇ ಸಾಲ ಮುಚ್ಚಕ್ಕೆ ಅಂತ ಹೊಸ ಸಾಲ ಕೊಡ್ತಿದ್ವಿ, ಬೆಳೆ ಸಾಲ ಆದ್ರೆ ಅವರು ಒಂದಿನದ ಮಟ್ಟಿಗೆ ಕೈಸಾಲ ತಂದು ಕಟ್ಟೋರು, ನಾವು ಅವತ್ತೇ ಸಾಯಂಕಾಲ ವಾಪಸ್ ಕೊಡೋರು, ಪುಸ್ತಕದಲ್ಲಿ ಎಲ್ಲಾ ಕ್ಲೀನ್. ಬೆಳೆ ಸಾಲ ಬಿಟ್ಟು ಬಾಕಿ ಸಾಲಗಳಿಗೆ 90 ದಿನ ಕಂತು ಬರ್ಲಿಲ್ಲ ಅಂದ್ರೆ ಕೆಟ್ಟ ಸಾಲ ಅಂತ ಬರೀಬೇಕು ಅನ್ನೋ ರೂಲ್ 2004ರಿಂದ ಇದೆ, ಆ 90ನೇ ದಿನ ಬರ್ದೇ ಇರೋಂಗೆ ನೋಡ್ಕೊಳ್ಳೋದೇ ದೊಡ್ಡ ಬುದ್ಧಿವಂತಿಕೆ ಆಗಿತ್ತು. ಎಸ್ಟೇಟ್ ಲೋನ್ ಒಂದು ಕೆಟ್ಟಿದೆ ಅಂತ ಬ್ರಾಂಚಲ್ಲಿ ಜವಾನನಿಗೂ ಗೊತ್ತಿರೋದು, ಆದ್ರೆ ಸ್ಯಾಂಕ್ಷನ್ ಮಾಡಿದ ಮ್ಯಾನೇಜರ್ ಆ ಕುರ್ಚೀಲಿ ಇರೋವರ್ಗೂ ಆ ಫೈಲ್ ಬೀರು ಬಿಟ್ಟು ಹೊರಗೆ ಬರ್ತಿರ್ಲಿಲ್ಲ. ಅವರಿಗೆ ಟ್ರಾನ್ಸ್‌ಫರ್ ಆಗಿ ಹೊಸಬರು ಬಂದ ಮೊದಲನೇ ತಿಂಗಳೇ ಫೈಲ್ ಟೇಬಲ್ ಮೇಲೆ. ಹೊಸಬರು ಮಹಾ ಬುದ್ಧಿವಂತರು ಅಂತ ಏನಿಲ್ಲ, ಅವರ ಸೈನ್ ಅದರ ಮೇಲೆ ಇರ್ಲಿಲ್ಲ ಅಷ್ಟೇ.

ಟ್ರೈನಿಂಗ್‌ಗೆ ಹೋದಾಗ ಒಬ್ಬ ಮೇಷ್ಟ್ರು ಇದನ್ನೇ ಹೇಳಿದ್ರು, ಆಗ ನಿದ್ದೆಗಣ್ಣಲ್ಲಿ ಕೇಳಿದ್ದು, ರಿಟೈರ್ ಆದ್ಮೇಲೆ ಹುಡುಕಿ ಓದ್ದೆ. ಅಮೆರಿಕದಲ್ಲಿ ಬ್ಯಾರಿ ಸ್ಟಾ ಅಂತ ಒಬ್ಬರು, ಜೊತೆಗೆ ಇನ್ನಿಬ್ಬರು, ಕ್ಯಾಲಿಫೋರ್ನಿಯಾದ 132 ಬ್ಯಾಂಕುಗಳ ಒಂಬತ್ತು ವರ್ಷದ ಲೆಕ್ಕ ತೆಗೆದು 1997ರಲ್ಲಿ ಪ್ರಕಟಿಸಿದ್ರು. ಮೇಲಿನ ಅಧಿಕಾರಿಗಳು ಬದಲಾದ ಬ್ಯಾಂಕಲ್ಲಿ ಕೆಟ್ಟ ಸಾಲನ ಕೆಟ್ಟ ಸಾಲ ಅಂತ ಒಪ್ಪಿ ನಷ್ಟದ ಲೆಕ್ಕಕ್ಕೆ ಬರೆದು ರೈಟ್ ಆಫ್ ಮಾಡೋದು ಜಾಸ್ತಿ ಆಗ್ತಿತ್ತಂತೆ. ಅಲ್ಲಿನ ದೊಡ್ಡ ಬ್ಯಾಂಕಿಗೂ ನಮ್ಮ ಸಣ್ಣ ಬ್ರಾಂಚಿಗೂ ಒಂದೇ ಕಾಯಿಲೆ ಅಂತ ಓದಿ ನಂಗೆ ಸ್ವಲ್ಪ ಸಮಾಧಾನಾನೂ ಆಯ್ತು ಅನ್ನಿ. ನಮ್ಮ ದೇಶದಲ್ಲೂ ಅದೇ ಆಗಿದ್ದು, 2015ರಲ್ಲಿ ರಘುರಾಮ್ ರಾಜನ್ ಗವರ್ನರ್ ಆಗಿದ್ದಾಗ ರಿಸರ್ವ್ ಬ್ಯಾಂಕಿನವರು ಹೊರಗಿಂದ ಬಂದು ಪುಸ್ತಕ ತೆಗೆಸಿ ನೋಡಿದ್ಮೇಲೆ ತಾನೇ ಅಷ್ಟು ವರ್ಷ ಮುಚ್ಚಿಟ್ಟಿದ್ದು ಈಚೆ ಬಂದಿದ್ದು, 2018 ಮಾರ್ಚ್ ಹೊತ್ತಿಗೆ ಬ್ಯಾಂಕುಗಳ ಕೆಟ್ಟ ಸಾಲ ನೂರಕ್ಕೆ 11 ರೂಪಾಯಿ ದಾಟಿತ್ತು.

ಇನ್ನೊಂದು ಪರೀಕ್ಷೆ ಇದೆ, ಭವನದ ಕಮಿಟಿಯವರು ಇದನ್ನ ಓದ್ಲೇಬೇಕು. 1985ರಲ್ಲಿ ಆರ್ಕಿಸ್ ಮತ್ತೆ ಬ್ಲೂಮರ್ ಅನ್ನೋರು ಜನಕ್ಕೆ ಒಂದು ಪ್ರಶ್ನೆ ಕೊಟ್ರು, ನೀವೊಂದು ವಿಮಾನ ಕಂಪನಿ ಯಜಮಾನ್ರು, ರಾಡಾರ್‌ಗೆ ಕಾಣದ ವಿಮಾನ ಮಾಡಕ್ಕೆ ಕೋಟಿ ಡಾಲರ್ ಹಾಕಿದೀರಿ, 90 ಪರ್ಸೆಂಟ್ ಕೆಲಸ ಮುಗಿದಿದೆ, ಅಷ್ಟರಲ್ಲಿ ಇನ್ನೊಬ್ಬ ಇದಕ್ಕಿಂತ ಜೋರಾಗಿ ಹೋಗೋ, ಇದಕ್ಕಿಂತ ಅಗ್ಗದ ವಿಮಾನ ಮಾರ್ಕೆಟ್ಟಿಗೆ ಬಿಟ್ಬಿಟ್ಟ, ಈಗ ಉಳಿದ 10 ಪರ್ಸೆಂಟ್‌ಗೆ ದುಡ್ಡು ಹಾಕ್ತೀರಾ ಅಂತ. 48 ಜನದಲ್ಲಿ 41 ಜನ ಹಾಕ್ತೀವಿ ಅಂದ್ರು. ಅದೇ ಪ್ರಶ್ನೇಲಿ ಮೊದಲು ಖರ್ಚು ಮಾಡಿದ ಮಾತು ತೆಗೆದು, ನಿಮಗೊಬ್ಬರು ಹೀಗೊಂದು ವಿಮಾನ ಮಾಡೋಣ ಅಂತ ಸಲಹೆ ಕೊಟ್ಟಿದಾರೆ, ಅದಕ್ಕಿಂತ ಒಳ್ಳೇದು ಆಗಲೇ ಮಾರ್ಕೆಟ್ಟಲ್ಲಿದೆ, ದುಡ್ಡು ಹಾಕ್ತೀರಾ ಅಂತ ಬೇರೆ 60 ಜನಕ್ಕೆ ಕೇಳಿದ್ರೆ ಹೂಂ ಅಂದಿದ್ದು ಬರೀ 10 ಜನ. ವಿಮಾನ ಅದೇ, ಮಾರ್ಕೆಟ್ ಅದೇ. ಬದಲಾಗಿದ್ದು ಜೇಬಿಂದ ಆಗಲೇ ಹೋಗಿರೋ ದುಡ್ಡು, ಅದಂತೂ ಹೂಂ ಅಂದ್ರೂ ಊಹೂಂ ಅಂದ್ರೂ ವಾಪಸ್ ಬರೋದಲ್ಲ. ನನ್ನ ಪ್ರಕಾರ ಆ "90 ಪರ್ಸೆಂಟ್" ಅನ್ನೋ ಮಾತಲ್ಲೇ ಮರುಳು ಮಾಡೋ ಮದ್ದು ಇರೋದು, ನಮ್ಮ ಕಂಟ್ರಾಕ್ಟರ್‌ಗಳಿಗೆ ಯಾವ ಪ್ರೊಫೆಸರೂ ಹೇಳ್ಕೊಡ್ದೇನೇ ಅದು ಗೊತ್ತು.

ಇಷ್ಟಕ್ಕೇ ಮುಗಿದಿದ್ರೆ ಸುಲಭ ಇತ್ತು, ನಷ್ಟ ಕಂಡ ಕೂಡ್ಲೇ ಬಿಟ್ಟು ಎದ್ದೇಳಿ ಅಂತ ಬರೆದು ಕಾಗದ ಮುಗಿಸ್ತಿದ್ದೆ. ಆದ್ರೆ ಕೊಡಗಲ್ಲಿ ಕೂತು ಹಾಗೆ ಹೇಳಕ್ಕೆ ಧೈರ್ಯ ಬರಲ್ಲ. ಯಾಕಂದ್ರೆ ಇಲ್ಲಿ ಬಿಡ್ದೇ ಹಿಡ್ಕೊಂಡವನೇ ಗೆದ್ದಿರೋದು ನಮ್ಮ ಕಣ್ಣೆದುರಿಗೇ ಇದೆ. 2001, 2002ರಲ್ಲಿ ಕಾಫಿ ರೇಟ್ ಬಿದ್ದಾಗ ಕುಯ್ಲಿನ ಕೂಲಿ ಕೊಡಕ್ಕೂ ಮೂಟೆ ದುಡ್ಡು ಸಾಲ್ತಿರ್ಲಿಲ್ಲ, ಎಷ್ಟೋ ಜನ ಗೊಬ್ಬರ ಬಿಟ್ರು, ಕಪಾತು ಬಿಟ್ರು, ಕೆಲವರು ತೋಟಾನೇ ಮಾರಿ ಮೈಸೂರಲ್ಲಿ ಸೈಟ್ ತಗೊಂಡ್ರು. ಸಾಲ ಸೋಲ ಮಾಡಿ ಗಿಡ ಉಳಿಸ್ಕೊಂಡವರನ್ನ ಆಗ ನಾವೇ ಕೌಂಟರ್ ಹಿಂದೆ ಕೂತು ಪೆದ್ದ ಅಂತಿದ್ವಿ. 2024ರಲ್ಲಿ ರೋಬಸ್ಟಾ ಚೆರಿ 50 ಕೆಜಿ ಮೂಟೆ 10,000 ದಾಟ್ತಲ್ಲ, ಆವತ್ತು ಪೆದ್ದ ಯಾರು? ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಡೋ ಪಾಠಾನೇ ಇದು, ತಾತ ಆ ಕಷ್ಟದಲ್ಲೂ ತೋಟ ಬಿಡ್ಲಿಲ್ಲ ಅಂತ. ಬಿಡ್ದವನ ಕಥೆ ಮದುವೆ ಮನೇಲಿ ಹೇಳ್ತಾರೆ, ಸರಿಯಾದ ಟೈಮಲ್ಲಿ ಬಿಟ್ಟವನ ಕಥೆ ಯಾರೂ ಹೇಳಲ್ಲ, ಅವನ ಹತ್ರ ಹೇಳ್ಕೊಳ್ಳಕ್ಕೆ ಏನೂ ನಡೆದೇ ಇರಲ್ಲ.

ಆ ಕಾಫಿ ಪಾಠಾನ ನಾವು ಎಲ್ಲದಕ್ಕೂ ಅಂಟಿಸ್ಕೊಂಡ್ವಿ ಅನ್ನೋದು ನನ್ನ ದೂರು. ಕಾಫಿ ರೇಟ್ ಹೋಗುತ್ತೆ ಬರುತ್ತೆ, ಬ್ರೆಜಿಲ್ಲಲ್ಲಿ ಚಳಿ ಜಾಸ್ತಿ ಆದ್ರೆ ಏರುತ್ತೆ, ವಿಯೆಟ್ನಾಮಲ್ಲಿ ಬೆಳೆ ಜಾಸ್ತಿ ಆದ್ರೆ ಇಳಿಯುತ್ತೆ, ಕಾಯೋದಕ್ಕೆ ಅಲ್ಲೊಂದು ಅರ್ಥ ಇದೆ, ಗಿಡ ಅಂತೂ ಅಲ್ಲೇ ನಿಂತಿರುತ್ತೆ. 720 ಅಡಿಗೆ ಇಲ್ಲದ ನೀರು ರೇಟ್ ಥರ ವಾಪಸ್ ಬರಲ್ಲ. ನೆರಳು ಪೂರ್ತಿ ತೆಗೆಸಿ ಬಿಸಿಲು ಬಿಟ್ಟ ಜಾಗದಲ್ಲಿ ಅರೇಬಿಕಾ ಇಟ್ಟವರು ನಮ್ಮ ಕಡೆ ಇದಾರೆ, ಕಾಂಡ ಕೊರೆಯೋ ಬೋರರ್ ಹುಳ ಬಿದ್ದು ಪ್ರತಿ ವರ್ಷ ಟ್ರೇಸಿಂಗ್ ಮಾಡಿ, ಅಂದ್ರೆ ಹುಳ ಬಿದ್ದ ಗಿಡ ಹುಡುಕಿ, ಕಿತ್ತು ಸುಡ್ತಾರೆ, ಜೂನಲ್ಲಿ ಅದೇ ಗುಂಡಿಗೆ ಮತ್ತೆ ಅರೇಬಿಕಾ ಗಿಡಾನೇ ನೆಡ್ತಾರೆ, ಆ ಹುಳಕ್ಕೆ ಬಿಸಿಲು ಬಿದ್ದ ಕಾಂಡಾನೇ ಇಷ್ಟ ಅಂತ ಕಾಫಿ ಬೋರ್ಡಿನವರು ಎಷ್ಟು ಸಲ ಹೇಳಿಲ್ಲ. ನೆರಳು ಬೆಳೆಸಿ ಆಮೇಲೆ ನೆಡಿ, ಇಲ್ಲಾ ರೋಬಸ್ಟಾಗೆ ಬದಲಾಯಿಸಿ ಅಂದ್ರೆ, ಅಯ್ಯೋ ಈ ಬ್ಲಾಕಿಗೆ ಇಷ್ಟು ಸುರಿದಿದೀನಿ ಅಂತಾರೆ.

ವೆನಿಲ್ಲಾ ನೆನಪಿದೆಯಲ್ಲ. 2000ದಲ್ಲಿ ಮಡಗಾಸ್ಕರಲ್ಲಿ ಚಂಡಮಾರುತ ಬಂದು ಅಲ್ಲಿ ಬೆಳೆ ಹಾಳಾಯ್ತು, ಇಲ್ಲಿ 2003ರಷ್ಟೊತ್ತಿಗೆ ಹಸಿ ಕಾಯಿ ಕೆಜಿಗೆ ಸಾವಿರಗಟ್ಟಲೆ. ನಮ್ಮ ಭಾವನವರು ಆಗ ಬಳ್ಳಿ ಹಾಕಿದ್ರು, ಅದು ಹೂ ಬಿಡಕ್ಕೇ ಮೂರು ವರ್ಷ, ಹೂ ಬಿಡೋಷ್ಟರಲ್ಲಿ ಅಲ್ಲಿ ಬೆಳೆ ವಾಪಸ್ ಬಂದು ರೇಟ್ ಮಕಾಡೆ ಮಲಗಿತ್ತು. ಆದ್ರೂ ಎರಡು ವರ್ಷ ದಿನಾ ಬೆಳಿಗ್ಗೆ ಹೆಂಗಸರನ್ನ ಕರೆಸಿ ಒಂದೊಂದೇ ಹೂವಿಗೆ ಕಡ್ಡೀಲಿ ಪರಾಗಸ್ಪರ್ಶ ಮಾಡಿಸಿದ್ರು, ಮಧ್ಯಾಹ್ನ ಆದ್ರೆ ಹೂ ಬಾಡುತ್ತೆ ಅಂತ ಗಡಿಬಿಡಿ ಬೇರೆ. ರಾತ್ರಿ ಕಾವಲಿಗೆ ಜನ, ಎರಡು ನಾಯಿ. ಕದಿಯಕ್ಕೆ ಯಾರೂ ಬರ್ತಿರ್ಲಿಲ್ಲ, ಕಳ್ಳರಿಗೆ ರೇಟ್ ಮೊದಲೇ ಗೊತ್ತಾಗಿತ್ತು.

ನಮ್ಮಪ್ಪನ ಕಿತ್ತಳೆ ಮಾತ್ರ ನಾನು ಈ ಲೆಕ್ಕಕ್ಕೆ ಸೇರಿಸಲ್ಲ. ಗ್ರೀನಿಂಗ್ ರೋಗ ಬಂದು ಕೊಡಗಿನ ಕಿತ್ತಳೆ ತೋಟ ತೋಟಾನೇ ಒಣಗಿದ್ರೂ ಅವರು ಸಾಯೋವರ್ಗೂ ಪ್ರತಿ ಮಳೆಗಾಲಕ್ಕೆ ನಾಲ್ಕು ಗಿಡ ನೆಡೋರು. ದುಡ್ಡು ಬರುತ್ತೆ ಅಂತ ಯಾವತ್ತೂ ಹೇಳ್ಲಿಲ್ಲ, ಹಣ್ಣು ಬಿಡುತ್ತೆ ಅಂತ್ಲೂ ಹೇಳ್ಲಿಲ್ಲ. ಎರಡು ಮರ ಈಗ್ಲೂ ಇದೆ. ತನಗೆ ಬೇಕು ಅಂತ ಮಾಡೋದಕ್ಕೂ, ನಾನು ಮಾಡಿದ್ದು ತಪ್ಪಲ್ಲ ಅಂತ ತೋರಿಸಕ್ಕೆ ಮಾಡೋದಕ್ಕೂ ವ್ಯತ್ಯಾಸ ಇದೆ, ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣುತ್ತೆ ಅನ್ನೋದೇ ಕಷ್ಟ.

ಸರ್ಕಾರದ್ದು ಬಂದ್ರೆ ಸೊನ್ನೆ ಜಾಸ್ತಿ, ಮಾತು ಅದೇ. ಪಕ್ಕದ ಸಕಲೇಶಪುರದ ಎತ್ತಿನಹೊಳೆ ಯೋಜನೆ 2012ರಲ್ಲಿ 8,323 ಕೋಟಿ ಅಂದ್ರು, 2014ಕ್ಕೆ 12,912 ಕೋಟಿ ಆಯ್ತು, 2023ಕ್ಕೆ 23,251 ಕೋಟಿ. 24 ಟಿಎಂಸಿ ನೀರು ಸಿಗುತ್ತೆ ಅನ್ನೋದು ಯೋಜನೆ ಲೆಕ್ಕ, ಅಲ್ಲಿ ಇರೋದೇ ಸುಮಾರು ಒಂಬತ್ತೂವರೆ ಟಿಎಂಸಿ ಅಂತ ಬೆಂಗಳೂರಿನ ಐಐಎಸ್‌ಸಿ ವಿಜ್ಞಾನಿಗಳು ಅಂದಾಜು ಕೊಟ್ಟಿದ್ರು. 2024 ಸೆಪ್ಟೆಂಬರಲ್ಲಿ ಮೊದಲ ಹಂತ ಉದ್ಘಾಟನೇನೂ ಆಯ್ತು. ಕೋಲಾರ ಚಿಕ್ಕಬಳ್ಳಾಪುರದವರಿಗೆ ನೀರು ಬೇಡ ಅನ್ನೋಷ್ಟು ಕಲ್ಲು ಮನಸ್ಸು ನನ್ನದಲ್ಲ, ನೀರಿಲ್ಲದ ಕಷ್ಟ 830 ಅಡಿ ಆಳದ ತನಕ ಗೊತ್ತು ನಂಗೆ. ಆದ್ರೆ ಹೋಟ್ಲಲ್ಲಿ ಈ ಮಾತು ಎತ್ತಿದ್ರೆ ನೀರೆಷ್ಟಿದೆ ಅನ್ನೋದಕ್ಕೆ ಯಾರೂ ಉತ್ತರ ಕೊಡಲ್ಲ, ಇಷ್ಟು ಕೋಟಿ ಹಾಕಿದ್ಮೇಲೆ ಈಗೇನ್ ಮಾತು ಅಂತಾರೆ. ಇಂಗ್ಲೆಂಡ್ ಫ್ರಾನ್ಸ್ ಸೇರಿ 1962ರಲ್ಲಿ ಶಬ್ದಕ್ಕಿಂತ ಜೋರಾಗಿ ಹೋಗೋ ಕಾಂಕರ್ಡ್ ವಿಮಾನಕ್ಕೆ ಒಪ್ಪಂದ ಮಾಡ್ಕೊಂಡ್ರು, ಎರಡೇ ವರ್ಷದಲ್ಲಿ ಇಂಗ್ಲೆಂಡಿನವರು ಬಿಟ್ಬಿಡೋಣ ಅಂತ ಹೊರಟ್ರೆ ಒಪ್ಪಂದದಲ್ಲಿ ಬಿಡೋದಕ್ಕೆ ದಾರಿ ಬರೆದಿರ್ಲಿಲ್ಲ. ಕೊನೆಗೆ ಮಾಡಿದ್ದು 20 ವಿಮಾನ, ಪ್ರಯಾಣಿಕರನ್ನ ಹೊತ್ತಿದ್ದು 14.

ಈಗ ನಮ್ಮ ಭವನಕ್ಕೆ ಬರ್ತೀನಿ. ಅದು ನಿಂತಿರೋದು ಹಳೇ ಗದ್ದೆ ಮೇಲೆ, ಜುಲೈ ಆಗಸ್ಟಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತೆ, ಹಿಂದಗಡೆ ಗುಡ್ಡದ ಬರೆ 2018ರಲ್ಲಿ ಕುಸಿದು ತಡೆಗೋಡೆ ಕಟ್ಟಿದ್ರು, ಮರುವರ್ಷ ಗೋಡೆ ಸಮೇತ ಕುಸೀತು, ಮತ್ತೆ ಕಟ್ಟಿದ್ರು. ಊರಿನ ಮದುವೆಗಳೆಲ್ಲಾ ಈಗ ಸುಂಟಿಕೊಪ್ಪ ಇಲ್ಲಾ ಕುಶಾಲನಗರದ ಹಾಲ್‌ಗಳಲ್ಲಿ ಆಗ್ತಿವೆ, ಪಾರ್ಕಿಂಗ್ ಇದೆ, ಜನರೇಟರ್ ಇದೆ. ನಾಳೆ ಯಾರಾದ್ರೂ ಬಂದು ನಿಮ್ಮ ಹತ್ರ 15 ಲಕ್ಷ ಇದೆ, ಖಾಲಿ ಗದ್ದೇಲಿ ಒಂದು ಹಾಲ್ ಕಟ್ತೀರಾ ಅಂತ ಕೇಳಿದ್ರೆ ಆ ಕಮಿಟಿಯವರೇ ಊಹೂಂ ಅಂತಾರೆ, ಅಂಗನವಾಡಿ ಸೋರ್ತಾ ಇದೆ ಅದಕ್ಕೆ ಹಾಕಿ ಅಂತಾರೆ. ಅವರು ಒಳ್ಳೇ ಜನಾನೇ. ಚಂದಾ ಪುಸ್ತಕ ಹಿಡ್ಕೊಂಡು ಮನೆ ಮನೆ ಬಂದಿದ್ದು ಅವರು, ಹಾಗಾಗಿ ಬಿಟ್ಬಿಡೋಣ ಅನ್ನೋ ಮಾತು ಅವರ ಬಾಯಲ್ಲಿ ಬರ್ಲಿ ಅಂತ ನಾವು ಕಾಯೋದೇ ತಪ್ಪು, ನನ್ನ ಬಾಯಲ್ಲಿ ಎಲ್ಲಿ ಬಂತು?

ಅದಕ್ಕೇ ನಾನು ಕೇಳೋದು ಇಷ್ಟು. ಬರೋ ಗ್ರಾಮಸಭೇಲಿ ಭವನದ ವಿಷ್ಯ ಬಂದಾಗ ಹಳೇ ಕಮಿಟಿಯವರು ಲೆಕ್ಕ ಒಪ್ಪಿಸ್ಲಿ, ಚಪ್ಪಾಳೆ ತಟ್ಟಿ ಒಂದು ಶಾಲು ಹಾಕೋಣ, ಆದ್ರೆ ಮುಂದುವರಿಸ್ಬೇಕಾ ಬೇಡ್ವಾ ಅಂತ ಹೇಳೋರು ಆ ಚಂದಾ ಪುಸ್ತಕದಲ್ಲಿ ಸೈನ್ ಹಾಕದ ಐದು ಜನ ಆಗ್ಲಿ, ಅವರಲ್ಲಿ ಮೂರು ಜನ ಹೆಂಗಸರಿರ್ಲಿ, ನಮ್ಮನೇಲಿ ಕೆರೆ ಕಂಡಿದ್ದು ಯಾರಿಗೆ ಅಂತ ಮೇಲೇ ಬರೆದಿದೀನಲ್ಲ. ಮುಂದುವರಿಸೋದಾದ್ರೆ ಎಷ್ಟು ದುಡ್ಡಿಗೆ, ಯಾವ ತಾರೀಕಿಗೆ ಮುಗೀಲಿಲ್ಲ ಅಂದ್ರೆ ಕೈ ಬಿಡೋದು ಅಂತ ಮೊದಲೇ ನಡಾವಳಿ ಪುಸ್ತಕದಲ್ಲಿ ಬರೀಲಿ, ರಾತ್ರಿ ಹನ್ನೊಂದೂವರೆಗೆ ಧೂಳಲ್ಲಿ ನಿಂತ್ಕೊಂಡು ತೀರ್ಮಾನ ಮಾಡೋ ಕೆಲಸ ಅಲ್ಲ ಇದು. ಇನ್ನು ನಿಮ್ಮ ಪೇಪರಿನವರಿಗೊಂದು, ಶೇಕಡ 90 ಕಾಮಗಾರಿ ಪೂರ್ಣ ಅಂತ ಯಾರಾದ್ರೂ ಹೇಳಿದ್ರೆ ಅಷ್ಟಕ್ಕೇ ಬಿಟ್ಟು ಹೆಡ್ಡಿಂಗ್ ಕೊಡ್ಬೇಡಿ, ಉಳಿದ 10ಕ್ಕೆ ಎಷ್ಟು ದುಡ್ಡು, ಮುಗಿದ್ಮೇಲೆ ಅದನ್ನ ಉಪಯೋಗಿಸೋರು ಯಾರು ಅಂತ ಎರಡು ಲೈನ್ ಜಾಸ್ತಿ ಬರೀರಿ.

ಮೊನ್ನೆ ಪಾಯಿಂಟ್ ಮಾಡೋರು ಫೋನ್ ಮಾಡಿದ್ರು, ಈ ಕಡೆ ಬೇರೆ ತೋಟಕ್ಕೆ ಬರ್ತಿದೀನಿ, ನಿಮ್ಮದೂ ಇನ್ನೊಂದ್ಸಲ ನೋಡ್ತೀನಿ ಸಾರ್, ದುಡ್ಡೇನೂ ಬೇಡ, ಗದ್ದೆ ಕಡೆ ನಾವು ನೋಡೇ ಇಲ್ವಲ್ಲ ಅಂದ್ರು. ಬೇಡ ಅನ್ನಕ್ಕೆ ಬಾಯಿ ಬರ್ಲಿಲ್ಲ, ಭಾನುವಾರ ಕಾಫಿಗೆ ಬನ್ನಿ ಅಂದಿದೀನಿ. ಅವತ್ತಿಂದ ನಮ್ಮ ಅಡುಗೆ ಮನೇಲಿ ತೆಂಗಿನಕಾಯಿ ಒಂದೂ ಕಾಣ್ತಿಲ್ಲ, ಸಾರಿಗೆ ಹುರಿಗಡಲೆ ರುಬ್ಬಿ ಹಾಕ್ತಿದಾರೆ.

ಇಂತಿ,
ಸುಂಟಿಕೊಪ್ಪ ಹತ್ತಿರದ ಒಬ್ಬ ನಿವೃತ್ತ ಬ್ಯಾಂಕ್ ನೌಕರ